ಏಪ್ರಿಲ್ ತಿಂಗಳಲ್ಲಿ ವೆಸ್ಟ್‌ಪೋರ್ಟ್‌ನಿಂದ ಚಾರ್ಟರ್ ದೋಣಿ: ಸಾಲ್ಮನ್ ಸಿಗುವುದೇ?

ಪ್ರಶ್ನೆ (ಮುನಿರಾಬಾದ್, ಕೊಪ್ಪಳ ಜಿಲ್ಲೆ)

ಮಗಳು ಸಿಯಾಟಲ್‌ನಲ್ಲಿದ್ದಾಳೆ, ಏಪ್ರಿಲ್ ಕೊನೆಯ ವಾರದಲ್ಲಿ ನಾನು ಅಲ್ಲಿಗೆ ಹೊರಟಿದ್ದೇನೆ. ವಾಷಿಂಗ್ಟನ್ ರಾಜ್ಯದ ವೆಸ್ಟ್‌ಪೋರ್ಟ್ ಬಂದರಿನಿಂದ, ಮೀನು ಹಿಡಿಯುವ ಹವ್ಯಾಸವಿರುವವರನ್ನು ಪೆಸಿಫಿಕ್ ಸಾಗರಕ್ಕೆ ಕರೆದೊಯ್ಯುವ ಚಾರ್ಟರ್ ದೋಣಿಗಳಿವೆಯೆಂದು ಅವಳು ಹೇಳುತ್ತಾಳೆ. ತುಂಗಭದ್ರಾ ಜಲಾಶಯದ ದಂಡೆಯಲ್ಲಿ ಕುಳಿತು ಗಾಳ ಹಾಕಿದ ರೂಢಿಯನ್ನು ಬಿಟ್ಟರೆ ನನಗೆ ಸಮುದ್ರದ ಅನುಭವವಿಲ್ಲ. ಒಂದೇ ದಿನದಲ್ಲಿ ತಳದ ಮೀನು ಮತ್ತು ಸಾಲ್ಮನ್ ಎರಡನ್ನೂ ಹಿಡಿಯಬಹುದೇ? ಸಲಕರಣೆಗಳನ್ನು ಇಲ್ಲಿಂದಲೇ ಒಯ್ಯಬೇಕೇ?

ಉತ್ತರ (ಸಿಂಧನೂರು)

ಸಲಕರಣೆಯ ಚಿಂತೆ ಬೇಡ. ಕೋಲು, ಗಾಳ, ಎರೆ ಎಲ್ಲವೂ ದೋಣಿಯಲ್ಲೇ ಇರುತ್ತವೆ. ಮೀನುಗಾರಿಕೆ ಪರವಾನಗಿಯನ್ನು ಮಾತ್ರ ತಾವು ಪಡೆದಿರಬೇಕು. ಸಾಲ್ಮನ್ ವಿಷಯ ಹಾಗಲ್ಲ. ಆ ಕರಾವಳಿಯಲ್ಲಿ ಸಾಲ್ಮನ್ ಹಿಡಿಯುವ ಅವಧಿಯನ್ನು ಪೆಸಿಫಿಕ್ ಮೀನುಗಾರಿಕಾ ನಿರ್ವಹಣಾ ಮಂಡಳಿಯು, ಮೊಟ್ಟೆಯಿಡಲು ಸಮುದ್ರದಿಂದ ನದಿಗಳಿಗೆ ಮರಳಬಹುದಾದ ಮೀನುಗಳ ಅಂದಾಜನ್ನು ನೋಡಿಕೊಂಡು, ಪ್ರತಿ ವರ್ಷ ಏಪ್ರಿಲ್‌ನಲ್ಲಿ ಶಿಫಾರಸು ಮಾಡುತ್ತದೆ. ಮೀನು ಕಡಿಮೆಯಾದುದರಿಂದ ಕ್ಯಾಲಿಫೋರ್ನಿಯಾದ ಸಮುದ್ರದಲ್ಲಿ 2023 ಮತ್ತು 2024ರಲ್ಲಿ ಸಾಲ್ಮನ್ ಹಿಡಿಯುವುದನ್ನೇ ಮುಚ್ಚಲಾಗಿತ್ತು. ವೆಸ್ಟ್‌ಪೋರ್ಟ್‌ನಲ್ಲಿ ಸಮುದ್ರದ ಸಾಲ್ಮನ್ ಸಾಮಾನ್ಯವಾಗಿ ಜೂನ್ ಕೊನೆಯ ಹೊತ್ತಿಗೆ ಆರಂಭವಾಗುತ್ತದೆ. ಆದ್ದರಿಂದ ಏಪ್ರಿಲ್‌ನಲ್ಲಿ ತಮಗೆ ದೊರೆಯುವುದು ತಳದ ಮೀನು, ಅಂದರೆ ರಾಕ್‌ಫಿಶ್ ಮತ್ತು ಲಿಂಗ್‌ಕಾಡ್. ಮುಂಗಡ ಕೊಡುವ ಮೊದಲು ಆ ದಿನದ ಪ್ರವಾಸ ಯಾವ ಮೀನಿಗೆಂದು ಸ್ಪಷ್ಟವಾಗಿ ಕೇಳಿರಿ.

ಮರುಪ್ರಶ್ನೆ (ಮುನಿರಾಬಾದ್)

ಹಾಗಾದರೆ ಪ್ರಯಾಣವನ್ನು ಜುಲೈಗೆ ಮುಂದೂಡುವುದು ಒಳ್ಳೆಯದೇ?

ಉತ್ತರ (ಗಂಗಾವತಿ)

ನನ್ನ ಅಭಿಪ್ರಾಯದಲ್ಲಿ ಅದರ ಅಗತ್ಯವಿಲ್ಲ. ಮೊದಲ ಬಾರಿಗೆ ಸಮುದ್ರಕ್ಕಿಳಿಯುವವರಿಗೆ ತಳದ ಮೀನೇ ಮೇಲು, ಏಕೆಂದರೆ ಬಂಡೆಗಳಿರುವ ಜಾಗ ದೋಣಿಯವರಿಗೆ ಗೊತ್ತಿರುತ್ತದೆ; ಸೀಸದ ಭಾರ ತಳ ಮುಟ್ಟಿದೊಡನೆ ನೂಲನ್ನು ತುಸು ಮೇಲೆತ್ತಿ ಆಡಿಸುತ್ತಿದ್ದರೆ ಸಾಕು. ಕೆಲವೊಮ್ಮೆ, ಗಾಳಕ್ಕೆ ಸಿಕ್ಕ ರಾಕ್‌ಫಿಶ್ ಅನ್ನೇ ಲಿಂಗ್‌ಕಾಡ್ ಕಚ್ಚಿ ಹಿಡಿದು, ಗಾಳ ತನಗೆ ತಾಗದಿದ್ದರೂ ಬಿಡದೆ ನೀರಿನ ಮೇಲ್ಮೈವರೆಗೆ ಬರುತ್ತದೆ. ಆಗ ನೂಲನ್ನು ಜಗ್ಗದೆ ಒಂದೇ ಸಮನೆ ಸುತ್ತಬೇಕು.

ಹಳದಿ ಕಣ್ಣಿನ ಯೆಲೋಐ ರಾಕ್‌ಫಿಶ್ ಸಿಕ್ಕರೆ ಇಟ್ಟುಕೊಳ್ಳುವಂತಿಲ್ಲ. ಅದು 100 ವರ್ಷಕ್ಕೂ ಹೆಚ್ಚು ಬದುಕಬಲ್ಲ ಮೀನು. ಆಳದಿಂದ ಮೇಲೆ ಬಂದಾಗ ಒತ್ತಡ ಇಳಿದು ಒಳಗಿನ ಗಾಳಿಚೀಲ ಉಬ್ಬುವುದರಿಂದ, ಸುಮ್ಮನೆ ನೀರಿಗೆ ಎಸೆದರೆ ಅದು ಮುಳುಗಲಾರದೆ ತೇಲುತ್ತದೆ. ಭಾರ ಕಟ್ಟಿದ ಸಾಧನದಿಂದ ಅದನ್ನು ಮತ್ತೆ ಆಳಕ್ಕೆ ಇಳಿಸಿ ಬಿಡುತ್ತಾರೆ.

ಉತ್ತರ (ಸಿರುಗುಪ್ಪ)

ಮೀನಿನ ಮಾತಾಯಿತು, ಹೊಟ್ಟೆಯ ಮಾತೂ ಇರಲಿ. ಬಂದರಿನಿಂದ ಹೊರಟ ದೋಣಿ ಗ್ರೇಸ್ ಹಾರ್ಬರ್ ಕೊಲ್ಲಿಯ ಅಳಿವೆಯನ್ನು ದಾಟಬೇಕು. ಇಳಿತದ ನೀರು ಸಾಗರದ ಅಲೆಗಳಿಗೆ ಎದುರಾಗುವ ಹೊತ್ತಿನಲ್ಲಿ ಅಲ್ಲಿ ಅಲೆ ಕಡಿದಾಗಿ ಏಳುತ್ತದೆ. ವೈದ್ಯರನ್ನು ಕೇಳಿ ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಿ, ತಲೆ ತಿರುಗತೊಡಗಿದ ಮೇಲೆ ನುಂಗಿ ಪ್ರಯೋಜನವಿಲ್ಲ. ನಮ್ಮಲ್ಲಿ ಏಪ್ರಿಲ್ ಎಂದರೆ 40 ಡಿಗ್ರಿ, ಅಲ್ಲಿ ಸಮುದ್ರದ ನೀರು ಸುಮಾರು 10 ಡಿಗ್ರಿ. ಉಣ್ಣೆಯ ಬಟ್ಟೆ, ಮೇಲೊಂದು ಮಳೆಕೋಟು ಇರಲಿ. ಮರಳಿದ ಬಳಿಕ ಮೀನನ್ನು ಹೆಚ್ಚಿಕೊಡುವ ಆಳುಗಳಿಗೆ ಇನಾಮು ಕೊಡುವ ರೂಢಿಯಿದೆ, ಅದನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಿ.