‘ವಿಸಿಬಿಲಿಟಿ’ಗೆ ‘ಗೋಚರತೆ’ ಹೊಂದುತ್ತದೆಯೇ?

ಪ್ರಶ್ನೆ: ಪುಣೆಯ ಹಿಂಜವಡಿಯಲ್ಲಿರುವ ಕನ್ನಡದ ಹುಡುಗರಿಗಾಗಿ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿ ಸಿದ್ಧವಾಗುತ್ತಿದೆ. ಮೆಥಡ್‌ಗಳ (ಹೆಸರಿಟ್ಟು ಕರೆಯುವ ಕೋಡ್ ತುಣುಕುಗಳ) ವಿಸಿಬಿಲಿಟಿಯನ್ನು, ಎಂದರೆ ಅವನ್ನು ಯಾರು ಕರೆಯಬಹುದು ಎಂಬುದನ್ನು, ಭಾಷೆಯ ಪಬ್ಲಿಕ್ ಇಂಟರ್‌ಫೇಸ್ ಮೂಲಕ ಎಕ್ಸ್‌ಪೋಸ್ ಮಾಡುವ ಭಾಗ ಹೀಗಿದೆ: ‘ವಿಧಾನದ ಗೋಚರತೆಯನ್ನು ಸಾರ್ವಜನಿಕ ಅಂತರಮುಖದ ಮೂಲಕ ಬಯಲುಗೊಳಿಸುವುದು’. ಓದಿದವರು ಯಾವುದೋ ಹಗರಣ ಎಂದುಕೊಂಡಾರು. ತಿದ್ದಿಕೊಡುತ್ತೀರಾ?

ಉತ್ತರ: ಮೊದಲು ‘ಬಯಲು’ ಬಿಡಿ. ಬಯಲಾಗುವುದು ಗುಟ್ಟು, ಇಲ್ಲವೇ ಬಂಡವಾಳ. ‘ಒಡ್ಡು’ ಕೂಡ ಬೇಡ; ಒಡ್ಡುವುದು ಬಿಸಿಲಿಗೆ, ಅಪಾಯಕ್ಕೆ. ‘ಹೊರಗಿಡು’ ಎಂದರಂತೂ ಅರ್ಥವೇ ತಿರುವುಮುರುವು. ಇಲ್ಲಿ ನಡೆಯುವುದಿಷ್ಟೇ: ಪ್ರೋಗ್ರಾಂ ಕೇಳುತ್ತದೆ, ಭಾಷೆ ಹೇಳುತ್ತದೆ. ಅದಕ್ಕೆ ‘ತಿಳಿಯಗೊಡು’ ಇದೆ. ‘ತಿಳಿಯಗೊಡಲಿಲ್ಲ’ ಎಂದು ನಿಷೇಧದಲ್ಲೇ ಹೆಚ್ಚು ಬಳಸುತ್ತೇವಾದರೂ ‘ತಿಳಿಯಗೊಡುವುದು’ ಕಿವಿಗೆ ಕಷ್ಟವಾಗುವುದಿಲ್ಲ.

‘ಅಂತರಮುಖ’ವನ್ನು ಅವಸರದಲ್ಲಿ ಓದಿದರೆ ‘ಅಂತರ್ಮುಖ’ವಾಗುತ್ತದೆ. ಸಾರ್ವಜನಿಕ ಅಂತರ್ಮುಖಿ ಎಂಥ ಪ್ರಾಣಿಯೋ! ಇಂಟರ್‌ಫೇಸ್, ಮೆಥಡ್ ಎರಡನ್ನೂ ಹಾಗೆಯೇ ಉಳಿಸಿ.

ಇನ್ನು ‘ಗೋಚರತೆ’. ಗೋಚರವೆಂದರೆ ಇಂದ್ರಿಯಕ್ಕೆ ಸಿಕ್ಕುವುದು. ಆದರೆ ಪ್ರೈವೇಟ್ ಮೆಥಡ್, ಎಂದರೆ ಹೊರಗಿನವರು ಕರೆಯಬಾರದ ಮೆಥಡ್, ಯಾರ ಕಣ್ಣಿಗೂ ಮರೆಯಾಗಿಲ್ಲ. ಪ್ರೈವೇಟ್_ಇನ್‌ಸ್ಟೆನ್ಸ್_ಮೆಥಡ್ಸ್ ಎಂದು ಕ್ಲಾಸನ್ನು (ಆಬ್ಜೆಕ್ಟುಗಳ ಅಚ್ಚನ್ನು) ಕೇಳಿದರೆ ಹೆಸರುಗಳ ಪಟ್ಟಿಯನ್ನೇ ಕೊಡುತ್ತದೆ. ಹೊರಗಿನಿಂದ ಕರೆದು ನೋಡಿ: ಬರುವ ದೋಷದ ಹೆಸರು ‘ನೋಮೆಥಡ್‌ಎರರ್’, ಅದರ ಸಂದೇಶ ಮಾತ್ರ ‘ಪ್ರೈವೇಟ್ ಮೆಥಡ್ ಕರೆದಿದ್ದೀರಿ’ ಎಂದು. ಇಲ್ಲ ಎನ್ನುತ್ತಲೇ ಇದೆ ಎಂದು ಒಪ್ಪಿಕೊಂಡಂತಾಯಿತು. ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಧಾರವಾಡದ ಕಡೆಯವರ ‘ಕೈಗೆ ನಿಲುಕೂದಿಲ್ಲ’ ಇದಕ್ಕೆ ಸರಿಯಾಗಿ ಒಪ್ಪುತ್ತದೆ. ವಿಸಿಬಿಲಿಟಿಗೆ ಆ ‘ನಿಲುಕು’ ಸಾಕು; ಅದು ನಾಮಪದವೂ ಹೌದು, ಕ್ರಿಯಾಪದವೂ ಹೌದು.

‘ಪ್ರೈವೇಟ್’ ಅನ್ನು ವಿವರಿಸಲು ‘ಖಾಸಗಿ’ ಇರಲಿ. ಮರಾಠಿಯಲ್ಲೂ ಅದೇ ಪದ. ಹೋಳ್ಕರರ ಆಡಳಿತದಲ್ಲಿ ಮನೆತನದ ಸ್ವಂತ ಆದಾಯ ‘ಖಾಸಗಿ’, ರಾಜ್ಯದ್ದು ‘ದೌಲತ್’. ಆದರೆ ಖಾಸಗಿ ಯಾರಿಗೆ ಎಂಬುದು ಭಾಷೆಯಿಂದ ಭಾಷೆಗೆ ಬೇರೆ. ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದು ಕ್ಲಾಸಿಗೆ ಖಾಸಗಿ: ಅದೇ ಕ್ಲಾಸಿನ ಇನ್ನೊಂದು ಆಬ್ಜೆಕ್ಟಿನ ಪ್ರೈವೇಟ್ ಮೆಥಡ್ ಕರೆದರೂ ತಕರಾರಿಲ್ಲ. ರೂಬಿಯಲ್ಲಿ ಆಬ್ಜೆಕ್ಟ್ ತನ್ನದನ್ನು ತಾನೇ ಕರೆದುಕೊಳ್ಳಬೇಕು. ರೂಬಿಯ 2.7ನೇ ಆವೃತ್ತಿಗಿಂತ ಮುಂಚೆ, ಮೌಲ್ಯ ಬರೆಯುವ ‘=’ ಮೆಥಡ್‌ಗಳನ್ನು ಬಿಟ್ಟರೆ, ಡಾಟ್‌ನ ಎಡಗಡೆ ‘ಸೆಲ್ಫ್’ ಎಂದು ಬರೆಯುವಂತೆಯೂ ಇರಲಿಲ್ಲ. ಎರಡು ಖಾತೆಗಳ ಬಾಕಿಯನ್ನು ಹೋಲಿಸುವ ಮೆಥಡ್ ಜಾವಾದಲ್ಲಿ ಪ್ರೈವೇಟ್ ಬಾಕಿಯನ್ನು ಓದಬಲ್ಲದು. ಅದನ್ನೇ ರೂಬಿಗೆ ತಂದರೆ ಮುರಿಯುತ್ತದೆ. ಬಾಕಿಯನ್ನು ಅಲ್ಲಿ ಪ್ರೊಟೆಕ್ಟೆಡ್, ಎಂದರೆ ಅದೇ ಕ್ಲಾಸಿನ ಆಬ್ಜೆಕ್ಟುಗಳು ಒಂದರದ್ದನ್ನೊಂದು ಕರೆಯಬಹುದಾದಂತೆ, ಮಾಡಬೇಕು. ಜಾವಾದ ಪ್ರೊಟೆಕ್ಟೆಡ್ ಅಂತೂ ಅದೇ ಪ್ಯಾಕೇಜಿನವರಿಗೂ ಉಪಕ್ಲಾಸುಗಳಿಗೂ ನಿಲುಕುವಂಥದ್ದು. ‘ಸಂರಕ್ಷಿತ’ ಎಂದರೆ ಈ ಎರಡೂ ತಿಳಿಯುವುದಿಲ್ಲ, ಅರಣ್ಯ ಇಲಾಖೆಯ ಫಲಕ ನೆನಪಾಗುತ್ತದೆ. ಕೀವರ್ಡನ್ನು ಮುಟ್ಟದೆ ವಿವರಣೆಯನ್ನು ಕನ್ನಡದಲ್ಲಿ ಕೊಡಿ.

ನಿಜವಾದ ತೊಡಕಿರುವುದು ‘ಮೆಥಡ್‌ನ’ ಎಂಬ ಷಷ್ಠಿಯಲ್ಲಿ. 2021ರ ಡಿಸೆಂಬರಿನಲ್ಲಿ ಬಂದ ರೂಬಿ 3.1, ಮೆಥಡ್ ಆಬ್ಜೆಕ್ಟನ್ನೇ ‘ನೀನು ಪಬ್ಲಿಕ್ಕೇ?’ ಎಂದು ಕೇಳಲು ಪಬ್ಲಿಕ್?, ಪ್ರೈವೇಟ್?, ಪ್ರೊಟೆಕ್ಟೆಡ್? ಎಂಬ ಮೂರನ್ನು ಕೊಟ್ಟಿತು, 3.2ರಲ್ಲಿ ಅವನ್ನು ತೆಗೆದುಹಾಕಲಾಯಿತು. ಯಾಕೆಂದರೆ ಉಪಕ್ಲಾಸು ಮೆಥಡ್ಡಿನ ಒಡಲನ್ನು, ಎಂದರೆ ಒಳಗಿನ ಕೋಡನ್ನು, ಮುಟ್ಟದೆ, ಹೆಸರನ್ನು ಮಾತ್ರ ಪ್ರೈವೇಟ್ ಎಂದು ಸಾರಬಹುದು. ಒಂದೇ ಒಡಲಿಗೆ ಅಪ್ಪನ ಕ್ಲಾಸಿನಲ್ಲೊಂದು ನಿಲುಕು, ಮಗನ ಕ್ಲಾಸಿನಲ್ಲೊಂದು. ಹಾಗಾಗಿ ಕೇಳಬೇಕಾದ್ದು ಕ್ಲಾಸನ್ನು. ಅಲ್ಲೂ ಒಂದು ಎಚ್ಚರ: ಬರಿಯ ಮೆಥಡ್_ಡಿಫೈನ್ಡ್? ಪ್ರೊಟೆಕ್ಟೆಡ್‌ಗೂ ಹೌದೆನ್ನುತ್ತದೆ, ಪ್ರೈವೇಟ್‌ಗೆ ಇಲ್ಲವೆನ್ನುತ್ತದೆ. ಪಬ್ಲಿಕ್ ಮಾತ್ರ ಬೇಕಾದರೆ ಪಬ್ಲಿಕ್_ಮೆಥಡ್_ಡಿಫೈನ್ಡ್? ಎಂದೇ ಕೇಳಬೇಕು.

ನಿಮ್ಮ ವಾಕ್ಯ ಹೀಗಿರಲಿ: ‘ಯಾವ ಕ್ಲಾಸಿನಲ್ಲಿ ಯಾವ ಮೆಥಡ್ ಯಾರ ನಿಲುಕಿನಲ್ಲಿದೆ ಎಂಬುದನ್ನು ಭಾಷೆ ತನ್ನ ಪಬ್ಲಿಕ್ ಇಂಟರ್‌ಫೇಸ್‌ನಲ್ಲೇ ತಿಳಿಯಗೊಡುವುದು’.

ಇದರ ಕೆಳಗೆ, ಹೆಸರು ಕೊಟ್ಟರೆ ಆ ಮೆಥಡನ್ನು ಕರೆಯುವ ‘ಸೆಂಡ್’ ಬಗ್ಗೆಯೂ ಒಂದು ಸಾಲು ಬೇಕು. ಅದು ಪ್ರೈವೇಟ್ ಮೆಥಡನ್ನೂ ಕರೆದುಬಿಡುತ್ತದೆ, ‘ಪಬ್ಲಿಕ್_ಸೆಂಡ್’ ಕರೆಯುವುದಿಲ್ಲ. ಇಂಥ ಒಳದಾರಿಗೆ ‘ದಿಡ್ಡಿ ಬಾಗಿಲು’ ಎನ್ನಿ. ದೊಡ್ಡ ಬಾಗಿಲಿನೊಳಗಿನ ಈ ಸಣ್ಣ ಬಾಗಿಲಿಗೆ ಪುಣೆಯಲ್ಲೂ ‘ದಿಂಡಿ’ ಎನ್ನುತ್ತಾರೆ, ನಿಮ್ಮ ಹುಡುಗರಿಗೆ ಬಿಡಿಸಿ ಹೇಳಬೇಕಾಗದು.