ಬೆಂಗಳೂರಿನಿಂದ ರೈಲಿನಲ್ಲಿ ಹೋಗಿ ಸಂಜೆಗೆ ವಾಪಸ್, ಎಲ್ಲೆಲ್ಲಿ ಆಗುತ್ತೆ?

ನಾಪೋಕ್ಲಿನವಳು:

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿಯಿತು, ಕರಿಮೆಣಸೂ ಒಣಗಿ ಮೂಟೆ ಸೇರಿತು. ಬರುವ ವಾರ ನಾನೂ ನಮ್ಮ ಯಜಮಾನರೂ ಬೆಂಗಳೂರಿಗೆ, ಮಗಳ ಮನೆಗೆ ಹೊರಟಿದ್ದೇವೆ. ಮನೆ ಕೆಂಗೇರಿಯಲ್ಲಿ. ಮೂರು ವಾರ ಇರುತ್ತೇವೆ. ಮಗಳು, ಅಳಿಯ ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ರಾತ್ರಿಗೆ. ಕಳೆದ ಸಲ ಇಬ್ಬರೂ ಟಿವಿ ನೋಡಿ ನೋಡಿ ನಾಲ್ಕನೇ ದಿನಕ್ಕೆ ಜಗಳ ಆಡಿದೆವು. ಐದನೇ ದಿನ ಇವರು "ನಾಯಿಗೆ ಯಾರು ಅನ್ನ ಹಾಕ್ತಾರೆ" ಅಂತ ನೆಪ ತೆಗೆದು ಊರಿನ ಬಸ್ಸು ಹತ್ತಿದರು.

ಈ ಸಲ ದಿನ ಬಿಟ್ಟು ದಿನ ಎಲ್ಲಾದರೂ ಹೋಗಿ ಬರೋಣ ಅಂತ ಇದೆ. ಆದರೆ ರೈಲಿನಲ್ಲೇ. ನಮ್ಮ ಕೊಡಗು ಜಿಲ್ಲೆಯಲ್ಲಿ ಒಂದಡಿ ಹಳಿಯೂ ಇಲ್ಲ ಅಲ್ವಾ. ನಾನು ಮೊದಲು ರೈಲು ಹತ್ತಿದ್ದು ಮದುವೆಯಾದ ಮೇಲೆ, ಮೈಸೂರಿನಲ್ಲಿ. ಆ ಆಸೆ ಇನ್ನೂ ತೀರಿಲ್ಲ. ರಾತ್ರಿ ಅಡುಗೆ ಹೊತ್ತಿಗೆ ಮನೆ ಸೇರಬೇಕು. ಇವರಿಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಆಗದು. ಮೈಸೂರು ಅರಮನೆ, ಮೃಗಾಲಯ ಬೇಡ. ಅವನ್ನು ಶಾಲೆಯ ಕಾಲದಿಂದ ನೋಡುತ್ತಲೇ ಇದ್ದೇವೆ. ಟಿಕೆಟ್ ಮೊದಲೇ ಮಾಡಿಸಬೇಕಾ?

ಪೊನ್ನಂಪೇಟೆ ಪಿಂಚಣಿದಾರ:

30 ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಈಗ ಊರಿಗೆ ಬಂದು ಕೂತಿದ್ದೇನೆ. ನನ್ನ ಹೆಂಡತಿಗೆ ಬಸ್ಸು ಹತ್ತಿದರೆ ವಾಂತಿ. ಹಾಗಾಗಿ ನಮಗೆ ಭಾನುವಾರ ಅಂದರೆ ರೈಲು.

ಹೋಗುವ ರೈಲನ್ನು ಆಮೇಲೆ ನೋಡಿ. ಮೊದಲು ಬರುವ ರೈಲು ಯಾವುದು, ಅದು ತಪ್ಪಿದರೆ ಮುಂದಿನದು ಎಷ್ಟಕ್ಕೆ, ಅದನ್ನು ನೋಡಿಕೊಳ್ಳಿ. ಎರಡನೇ ರೈಲು ಇಲ್ಲದ ಊರಿಗೆ ನಾನು ಈಗ ಹೋಗುವುದೇ ಇಲ್ಲ. ಒಂದು ಸಲ ನಂದಿ ಹಾಲ್ಟ್‌ಗೆ ಹೋಗಿದ್ದೆವು. 1915ರ ಕಾಲದ ಪುಟ್ಟ ಸ್ಟೇಷನ್, ಚಂದ ಇದೆ. ಭೋಗನಂದೀಶ್ವರ ದೇವಸ್ಥಾನ ಅಲ್ಲಿಗೆ ಹತ್ತಿರ. ದೇವಸ್ಥಾನದ ಕಲ್ಯಾಣಿ ಮೆಟ್ಟಿಲಲ್ಲಿ ಕೂತು ಹರಟುತ್ತಾ ರೈಲು ಬಿಟ್ಟೆವು. ಆ ಲೈನಿನಲ್ಲಿ ಓಡುವ ರೈಲೇ ಕಡಿಮೆ. ಕೊನೆಗೆ ಬೆಂಗಳೂರಿಗೆ ಬಂದದ್ದು ತರಕಾರಿ ಟೆಂಪೊದಲ್ಲಿ, ಹೂಕೋಸಿನ ಮೂಟೆಗಳ ನಡುವೆ. ಆವತ್ತು ಅವಳಿಗೆ ವಾಂತಿ ಆಗಲಿಲ್ಲ, ಅದೊಂದು ಆಶ್ಚರ್ಯ.

ನಿಮಗೆ ಕೆಂಗೇರಿಯೇ ಅನುಕೂಲ. ಮೈಸೂರು ಕಡೆ ಹೋಗುವ ಬಹಳಷ್ಟು ರೈಲು ಅಲ್ಲೇ ನಿಲ್ಲುತ್ತವೆ, ಮೆಜೆಸ್ಟಿಕ್ ತನಕ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಿ. ಬಸ್ಸಿನಲ್ಲಿ ನೂರು ಸಲ ದಾಟಿರುತ್ತೀರಿ, ಇಳಿದಿರುವುದಿಲ್ಲ. ಸ್ಟೇಷನ್ ಇರುವುದೇ ದ್ವೀಪದೊಳಗೆ, ರಂಗನಾಥನ ಗುಡಿ ಪಕ್ಕದಲ್ಲೇ. ಅಲ್ಲಿ ಟಿಪ್ಪು ಕಾಲದ ಮದ್ದಿನ ಮನೆ, ಅಂದರೆ ಮದ್ದುಗುಂಡು ಇಡುತ್ತಿದ್ದ ಕಟ್ಟಡ, ಒಂದಿದೆ. ಜೋಡಿ ಹಳಿ ಹಾಕುವಾಗ ಅಡ್ಡ ಬಂತು. ಒಡೆಯಲಿಲ್ಲ. 2017ರಲ್ಲಿ ಅದನ್ನು ಬುಡಸಮೇತ ಎತ್ತಿ, 100 ಮೀಟರಿಗೂ ಜಾಸ್ತಿ ದೂರ ಜರುಗಿಸಿ ಇಟ್ಟರು. (ಟಿಪ್ಪು ಹೆಸರು ಬಂತು ಅಂತ ಯಾರೂ ಇಲ್ಲಿ ಜಗಳ ಶುರು ಮಾಡಬೇಡಿ. ನಾನು ಹೇಳಿದ್ದು ಕಟ್ಟಡದ ಕಥೆ.)

ಆದರೆ ನನ್ನನ್ನು ಕೇಳಿದರೆ ಕೆಜಿಎಫ್. ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಕೆಂಗೇರಿಯಿಂದ ಮೆಟ್ರೊದಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮಾರಿಕುಪ್ಪಂ ರೈಲು (ಕೆಜಿಎಫ್ ಕಡೆಯ ಕೊನೇ ಸ್ಟೇಷನ್ ಅದು). ಬಂಗಾರಪೇಟೆ ತನಕ ಚೆನ್ನೈ ಲೈನು, ಆಮೇಲೆ ಸಣ್ಣ ಕವಲು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಅಂತ ಒಂದಾದ ಮೇಲೊಂದು ಪುಟ್ಟ ಸ್ಟೇಷನ್. ಗಣಿ ಕೆಲಸಗಾರರು ಹತ್ತಿ ಇಳಿಯುತ್ತಿದ್ದ ರೈಲು ಅದು. ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿತು. ಈಗ ಅದೇ ಮನೆಗಳ ಜನ ಬೆಳಗಿನ ಜಾವ ಎದ್ದು ಅದೇ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ, ರಾತ್ರಿ ಹೋಗುತ್ತಾರೆ. ನೀವು ಬೆಳಿಗ್ಗೆ ಅವರಿಗೆ ಎದುರು ದಿಕ್ಕಿನಲ್ಲಿ ಹೋಗುತ್ತೀರಿ, ಸೀಟು ಸಿಗುತ್ತದೆ. ಬರುವಾಗ ಮಧ್ಯಾಹ್ನವೇ ಹೊರಡಿ.

ಪ್ಯಾಸೆಂಜರ್ ರೈಲಿಗೆ ಮೊದಲೇ ಟಿಕೆಟ್ ಏನೂ ಬೇಡ. ಮಗಳ ಹತ್ತಿರ ರೈಲ್‌ಒನ್ ಆಪ್ ಹಾಕಿಸಿಕೊಳ್ಳಿ, ಇಲ್ಲಾ ಕೌಂಟರಿನಲ್ಲಿ ತೆಗೆಯಿರಿ. ಕೌಂಟರ್ ಟಿಕೆಟ್ ಆದರೆ 3 ಗಂಟೆಯೊಳಗೆ ಹೊರಟುಬಿಡಬೇಕು. ಒಂದು ಎಚ್ಚರ: ರೈಲಿನ ನಂಬರು 12, 20 ಅಥವಾ 22ರಿಂದ ಶುರುವಾದರೆ ಅದು ಸೂಪರ್‌ಫಾಸ್ಟ್. ನಾನು ಪ್ಯಾಸೆಂಜರ್ ಟಿಕೆಟ್ ಇಟ್ಟುಕೊಂಡು ಅದನ್ನು ಹತ್ತಿ ದಂಡ ಕಟ್ಟಿದ್ದೇನೆ. ತಪ್ಪು ನನ್ನದೇ. ಹಿರಿಯರ ರಿಯಾಯಿತಿಯನ್ನು 2020ರಲ್ಲೇ ನಿಲ್ಲಿಸಿದ್ದಾರೆ, ಆಧಾರ್ ಕಾರ್ಡ್ ತೋರಿಸಿ ವಾದ ಮಾಡಲು ಹೋಗಬೇಡಿ.

ಮಡಿಕೇರಿ ಮಂಜು:

ಅಕ್ಕಾ, ನಾನು ಹೇಳುವುದು ತಿಂಡಿ ಲೆಕ್ಕ. ತುಮಕೂರು ರೈಲು ಹತ್ತಿ ಕ್ಯಾತ್ಸಂದ್ರದಲ್ಲಿ ಇಳಿಯಿರಿ. ತಟ್ಟೆ ಇಡ್ಲಿ ತಿನ್ನಿ. ಆಟೋದಲ್ಲಿ ಸಿದ್ಧಗಂಗಾ ಮಠ, ಅಲ್ಲಿ ಮಕ್ಕಳ ಜೊತೆ ಪಂಕ್ತಿಯಲ್ಲಿ ಕೂತು ಊಟ. ಮಠದ ಹಿಂದಿನ ಬೆಟ್ಟ ಹತ್ತದಿದ್ದರೆ ಅಣ್ಣನ ಮಂಡಿಗೆ ಏನೂ ಆಗದು. ಬಂಗಾರಪೇಟೆಗೆ ಹೋದರೆ ಪಾನಿಪುರಿ. ಅಲ್ಲಿಯ ಪಾನಿಗೆ ಬಣ್ಣ ಇಲ್ಲ, ನೋಡಲು ಬರೀ ನೀರು. ನಂಬಿ ಒಂದೇ ಸಲ ಬಾಯಿಗೆ ಹಾಕಿದರೆ ಕಣ್ಣಲ್ಲೂ ನೀರು. ಮದ್ದೂರು ವಡೆ ನಿಮಗೆ ಗೊತ್ತಿದ್ದದ್ದೇ. ಅದು 1917ರಲ್ಲಿ ರೈಲು ಸ್ಟೇಷನ್ನಿನಲ್ಲೇ ಹುಟ್ಟಿದ ತಿಂಡಿ, ಹಾಗಾಗಿ ರೈಲಿನಲ್ಲಿ ತಿಂದರೇ ಲೆಕ್ಕ. ನನಗೆ ಬಸ್‌ಸ್ಟಾಪಿನ ವಡೆ ಯಾವತ್ತೂ ಸೇರಲಿಲ್ಲ.

ಪುಷ್ಪಗಿರಿ ಹುಡುಗ:

ಆಂಟಿ, ಒಂದು ರಾತ್ರಿ ಹೊರಗೆ ಉಳಿಯಬಹುದು ಅಂದರೆ ಸಕಲೇಶಪುರದಿಂದ ಸುಬ್ರಹ್ಮಣ್ಯದ ಘಾಟ್ ಬಿಡಬೇಡಿ. ನಾನು ಸೋಮವಾರಪೇಟೆಯವನು. ದಿನಾ ಪುಷ್ಪಗಿರಿ ನೋಡುತ್ತಾ ಬೆಳೆದವನು ಅದರ ಆಚೆ ಬದಿ ನೋಡಲು ಬೆಂಗಳೂರಿಗೆ ಹೋಗಿ ರೈಲು ಹತ್ತಬೇಕಾಯಿತು! ಸುಮಾರು 55 ಕಿ.ಮೀ., 57 ಸುರಂಗ. ಹಗಲು ರೈಲನ್ನೇ ಹಿಡಿಯಬೇಕು, ರಾತ್ರಿ ರೈಲಿನಲ್ಲಿ ಹೋದರೆ ಎಲ್ಲಾ ಒಂದೇ ಸುರಂಗ. ಹಳಿ ಕೆಲಸ ಇದ್ದಾಗ ಹಗಲು ರೈಲು ರದ್ದಾಗುತ್ತದೆ, ಹೊರಡುವ ಮೊದಲು ವಿಚಾರಿಸಿ. ಇದಕ್ಕೆ ಮಾತ್ರ ಬುಕಿಂಗ್ ಬೇಕು. 60 ದಿನ ಮೊದಲು ಶುರು, ಕಿಟಕಿ ಸೀಟು ಬೇಗ ಖಾಲಿ.

ನಾಪೋಕ್ಲಿನವಳು:

ಘಾಟ್ ಬೇಡಪ್ಪ. ಬೆಟ್ಟ, ಮಳೆ, ಕಾಡು ನೋಡಲು ನಾನು ಬೆಂಗಳೂರಿಗೆ ಹೋಗಬೇಕಾ? ಕೆಜಿಎಫ್‌ನಲ್ಲಿ ನೋಡಲು ಏನಿದೆ ಅಂತ ಇವರು ಕೇಳುತ್ತಿದ್ದಾರೆ. ಗಣಿಯೊಳಗೆ ಬಿಡುತ್ತಾರಾ?

ಪೊನ್ನಂಪೇಟೆ ಪಿಂಚಣಿದಾರ:

ಒಳಗೆ ಬಿಡುವುದಿಲ್ಲ. ಹೊರಗಿನಿಂದಲೇ. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ಗುಡ್ಡ, ತುಕ್ಕು ಹಿಡಿದ ಕಬ್ಬಿಣದ ಗೋಪುರ, ಬ್ರಿಟಿಷರ ಬಂಗಲೆ. ಯಜಮಾನರಿಗೆ ಇದನ್ನು ಹೇಳಿ: ಶಿವನಸಮುದ್ರದಲ್ಲಿ ಕರೆಂಟು ತೆಗೆದದ್ದೇ ಈ ಗಣಿಗಾಗಿ. 1902ರಲ್ಲಿ ಸುಮಾರು 147 ಕಿ.ಮೀ. ತಂತಿ ಎಳೆದು ಇಲ್ಲಿಗೆ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಶಿವನಸಮುದ್ರದ ಆ ನೀರು ನಿಮ್ಮ ಮನೆ ಮುಂದೆ ಹರಿಯುವ ಕಾವೇರಿ ಹೊಳೆಯದೇ ಅಲ್ಲವೇ.

ನಾಪೋಕ್ಲಿನವಳು:

ಬಂದು ಹತ್ತು ದಿನ ಆಯಿತು. ಶ್ರೀರಂಗಪಟ್ಟಣ ಆಯಿತು. ಮದ್ದಿನ ಮನೆ ನೋಡಿದೆವು. ಇವರು ಅದಕ್ಕಿಂತ ಜಾಸ್ತಿ ಹೊತ್ತು ಹೊಳೆ ನೋಡುತ್ತಾ ನಿಂತರು. "ಮೇ ತಿಂಗಳಿಗೆ ಇದರಲ್ಲಿ ನೀರಿರಲ್ಲ ನೋಡು" ಅಂತ ಕಾಳಜಿ ಬೇರೆ.

ನಿನ್ನೆ ಕೆಜಿಎಫ್. ಸೀಟು ಸಿಕ್ಕಿತು, ಎದುರಿಗೆ ಒಬ್ಬರು ಅಜ್ಜಿ ಕೂತಿದ್ದರು. ಗಂಡ ಗಣಿಯಲ್ಲಿ ಇದ್ದವರಂತೆ. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಪೂರ್ತಿ ದಾರಿ ಮಾತಾಡಿದರು. ಊರಿಗಾಂನಲ್ಲಿ ಇಳಿಯಿರಿ, ಮಾರಿಕುಪ್ಪಂ ತನಕ ಸುಮ್ನೆ ಯಾಕೆ ಅಂದರು. ಇಳಿದು ಆಟೋ ಹಿಡಿದೆವು. ಗೋಪುರದ ಹತ್ತಿರ ನಿಂತಾಗ ನಾನು ಆ 1902ರ ಕಥೆ ಹೇಳಿದೆ. ಇವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹೊಳೆ ಬದಿಯ ನಮ್ಮ ಮನೆಗೆ ಕರೆಂಟು ಬಂದಾಗ ನಾನು ಏಳನೇ ಕ್ಲಾಸು" ಅಂದರು. ಅಷ್ಟೇ.

ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿಂದೆವು. ಮಂಜು ಹೇಳಿದ್ದು ಸುಳ್ಳಲ್ಲ, ಇವರ ಮೂಗೂ ಸೋರಿತು. ಎರಡನೇ ರೈಲಿಗೆ ಬಂದೆವು, ಮೊದಲನೆಯದು ಪಾನಿಪುರಿಗೆ ಹೋಯಿತು.

ನಾಳೆ ಕ್ಯಾತ್ಸಂದ್ರ. ನಾಯಿಗೆ ಪಕ್ಕದ ಮನೆಯವರು ಅನ್ನ ಹಾಕುತ್ತಿದ್ದಾರೆ, ಇವರು ಇನ್ನೂ ವಿಚಾರಿಸಿಲ್ಲ.