ಈ ವಾರದ ಸಮಸ್ಯೆ: ಕಡತವ ತಿಂದಿಲಿ ಕಚೇರಿಯೊಳಗತ್ತಿತಲಾ

ತೊಗರಿಕಣಜ: ಶರಣು ಎಲ್ಲರಿಗೂ. ಹೋದ ವಾರ ಮಳೆ, ಮೋಡ ಅಂತ ಕೊಟ್ಟರೆ ಯಾರೂ ಕೈ ಹಾಕಲಿಲ್ಲ. ಕಚೇರಿ ಸಿಟ್ಟು ಮಾತ್ರ ಎಲ್ಲರ ಹತ್ರ ಬೇಕಾದಷ್ಟು ಇದೆ. ಅದಕ್ಕೇ ಈ ಸಾಲು. ಇದು ಕೊನೆಗೆ ಬರೋ ಹಾಗೆ ಮೇಲಿನ ಮೂರು ಸಾಲು ನೀವು ಕಟ್ಟಬೇಕು. ಮಾತ್ರೆ ಎಣಿಸಿ ಕಟ್ಟುವ ನಾಲ್ಕು ಸಾಲಿನ ಕಂದದಲ್ಲೇ ಬರಲಿ. ನನ್ನದೇ ಬೋಣಿ:

ಬಿಡುವಲಿ ಗುಮಾಸ್ತ ಮಿರ್ಚಿಯ-
ನಿಡಲದರೆಣ್ಣೆಯು ಜಿನುಗಿತು ಪುಟಪುಟದೊಳಗೇ
ಕಡಿಯಲು ನಾಲಗೆಯುರಿಯುತ
ಕಡತವ ತಿಂದಿಲಿ ಕಚೇರಿಯೊಳಗತ್ತಿತಲಾ

ಬಿದ್ರಿ ಬೆಳ್ಳಿ: ಚೆನ್ನಾಗಿದೆ. ಆದ್ರೆ ಮಂಡಕ್ಕಿ ಸುಸಲಾ ಇಲ್ಲದೆ ಬರೀ ಮಿರ್ಚಿ ತಿನ್ನೋ ಗುಮಾಸ್ತ ಕಲಬುರಗಿಯವನೇ ಅಲ್ಲ.

ತೊಗರಿಕಣಜ: ಸುಸಲಾ ಇಲಿ ತಿಂದಿತ್ತು ರೀ. ಅದು ಬೇರೆ ಪದ್ಯ.

ಟಪಾಲು ಅಕ್ಕ: ನನ್ನದು ಸ್ವಲ್ಪ ಅಳಿಸೋ ಥರ ಇದೆ.

ಬಡವನ ಪಿಂಚಣಿಯರ್ಜಿಯ
ನುಡಿನುಡಿಯನು ಮೆಲ್ಲಗೋದಿ ನುಂಗುವ ಮೊದಲೇ
ಒಡೆಯರಿಗಿಲ್ಲದ ಮರುಕದೆ
ಕಡತವ ತಿಂದಿಲಿ ಕಚೇರಿಯೊಳಗತ್ತಿತಲಾ

ಮಳಖೇಡದ ಮುತ್ಯಾ: ಆಯ್ತು. ಮುಂದೆ.

ತೊಗರಿಕಣಜ: ಅಕ್ಕಾ, ಮುತ್ಯಾ ‘ಆಯ್ತು’ ಅಂದ್ರೆ ನಿಮಗೆ ಶಾಲು ಹೊದಿಸಿದ ಹಾಗೆ.

ಬಿಸಿಲೂರ ಗುಮಾಸ್ತ: ನಾನು ಇವತ್ತು ಉರಿದುಕೊಂಡೇ ಬಂದಿದ್ದೀನಿ. ಏಪ್ರಿಲ್, ಮೇ ಬಂದ್ರೆ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ 1:30ರ ತನಕ, ಗೊತ್ತಲ್ಲ. 7:50ಕ್ಕೇ ಬಾಗಿಲಲ್ಲಿ ನಿಂತಿದ್ದೆ. ಬೆರಳೆಲ್ಲ ಬೆವರು. ಹಾಜರಾತಿ ಯಂತ್ರ ಮೂರು ಸಲ ‘ಮತ್ತೆ ಪ್ರಯತ್ನಿಸಿ’ ಅಂತು. ಅಂಗಿಗೆ ಒರೆಸಿದೆ, ಪ್ಯಾಂಟಿಗೆ ಒರೆಸಿದೆ, ಕೊನೆಗೆ ಗೋಡೆ ಸುಣ್ಣಕ್ಕೆ ತಿಕ್ಕಿದೆ. ಯಂತ್ರ ಬೆರಳು ಒಪ್ಪಿಕೊಂಡಾಗ 8:11. ಅರ್ಧ ದಿನದ ರಜೆ ಹೋಯ್ತು. ಯಾರ ಮೇಲೆ ಕೂಗಾಡೋದು? ಕೂತು ಬರೆದೆ:

ಬಿಡದೀ ಬಯೋಮೆಟ್ರಿಕ್ಕಿನ
ಗಡಿ ದಾಟದೆ ಹಾಜರಾತಿ ದೊರೆಯದೆ ದಿನವೂ
ದುಡಿದರು ಸಂಬಳ ಕಡಿತದೆ
ಕಡತವ ತಿಂದಿಲಿ ಕಚೇರಿಯೊಳಗತ್ತಿತಲಾ

ಟಪಾಲು ಅಕ್ಕ: ‘ದುಡಿದರು ಸಂಬಳ ಕಡಿತದೆ’! ತಮ್ಮಾ, ಇಲಿಯಷ್ಟು ನಿಷ್ಠೆಯಿಂದ ಕಡತದ ಕೆಲಸ ಮಾಡಿದವರು ನಮ್ಮಲ್ಲಿ ಯಾರೂ ಇಲ್ಲ.

ಮಳಖೇಡದ ಮುತ್ಯಾ: ಮೊದಲನೇ ಸಾಲು ಇನ್ನೊಮ್ಮೆ ಎಣಿಸು.

ಬಿಸಿಲೂರ ಗುಮಾಸ್ತ: ಎಣಿಸಿದ್ದೀನಿ ಮುತ್ಯಾ. ನಾಲ್ಕು ನಾಲ್ಕು ಮಾತ್ರೆಯ ಮೂರು ಗಣ: ಬಿಡದೀ, ಬಯೋಮೆ, ಟ್ರಿಕ್ಕಿನ.

ಮಳಖೇಡದ ಮುತ್ಯಾ: ‘ಮೆ’ ಮುಂದೆ ‘ಟ್ರಿ’ ಇದೆ. ಒತ್ತಕ್ಷರದ ಹಿಂದಿನದು ಗುರು, ಎರಡು ಮಾತ್ರೆ; ಒಂದು ಹೆಚ್ಚಾಯ್ತು. ಕಣ್ಣಿಗೆ ಕಾಣಲ್ವಾ?

ಬಿಸಿಲೂರ ಗುಮಾಸ್ತ: ಬಾಯಲ್ಲಿ ತೇಲಿ ಹೋಗುತ್ತೆ. ಒತ್ತಕ್ಷರ ತೇಲಿಸಿ ಹೇಳಿದ್ರೆ ಹಿಂದಿನದು ಒಂದೇ ಮಾತ್ರೆ, ಶಿಥಿಲದ್ವಿತ್ವ ಅಂತ ಒಂದಿದೆ, ಕೇಳಿರಬೇಕಲ್ಲ.

ಮಳಖೇಡದ ಮುತ್ಯಾ: ಕೇಳಿದ್ದೀನಿ. ಹಳೆಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಅದನ್ನು ಹೇಳಿದ್ದು ‘ಅಮರ್ದು’ ಥರದ ಕನ್ನಡ ಮಾತಿಗೆ. ನಿನ್ನ ಹೆಬ್ಬೆಟ್ಟಿನ ಡಬ್ಬಿಗಲ್ಲ.

ಬಿದ್ರಿ ಬೆಳ್ಳಿ: ನಡುವೆ ನನ್ನದೊಂದು.

ಗಡಿಬಿಡಿಯಲಿ ಗಣಕಕ್ಕಿಡೆ
ಬಿಡಿಹಾಳೆಯು ಕಾಣದಾಗೆ ಹೊಟ್ಟೆಯ ಹಸಿವಿಂ
ಕಡುರುಚಿಯನು ನೆನೆನೆನೆಯುತ
ಕಡತವ ತಿಂದಿಲಿ ಕಚೇರಿಯೊಳಗತ್ತಿತಲಾ

ತೊಗರಿಕಣಜ: ಭಲೇ. ಇ-ಆಫೀಸ್ ಬಂದು ಬಡವಾದದ್ದು ಇಲಿ ಒಂದೇ.

ಬಿಸಿಲೂರ ಗುಮಾಸ್ತ: ಅಲ್ಲ ಮುತ್ಯಾ, ಕೇಶಿರಾಜನ ಕಾಲಕ್ಕೆ ಬಯೋಮೆಟ್ರಿಕ್ ಎಲ್ಲಿತ್ತು? ಇದ್ದಿದ್ರೆ ಅವನೂ ‘ಮೆ’ಯನ್ನು ಬಿಟ್ಟುಕೊಡ್ತಿದ್ದ. 8:11ಕ್ಕೆ ಹಚ್ಚಿದ ಮೇಲಂತೂ ಖಂಡಿತ.

ಮಳಖೇಡದ ಮುತ್ಯಾ: ಕವಿರಾಜಮಾರ್ಗ ಹುಟ್ಟಿದ್ದು ನಮ್ಮ ಸೇಡಂ ತಾಲೂಕಿನ ಮಳಖೇಡದ ಆಸ್ಥಾನದಲ್ಲಿ. ಆ ನೆಲದ ನೀರು ಕುಡಿದವರು...

ಟಪಾಲು ಅಕ್ಕ: ಬಂತು. 9ನೇ ಶತಮಾನ ಬಂತು.

ಬಿಸಿಲೂರ ಗುಮಾಸ್ತ: ಓದದೇನೇ ಕಾವ್ಯ ಬಲ್ಲವರು ಕನ್ನಡದ ಜನ ಅಂತ ಅದರಲ್ಲೇ ಹೇಳಿದೆ ಮುತ್ಯಾ. ನಾನು ಆ ಪೈಕಿ.

ಮಳಖೇಡದ ಮುತ್ಯಾ: ಓದದೇ ಬಲ್ಲವರು ಅಂತ ಇದೆ. ಎಣಿಸದೇ ಬಲ್ಲವರು ಅಂತ ಇಲ್ಲ.

ಬಿದ್ರಿ ಬೆಳ್ಳಿ: ಬಿದ್ರಿ ಪಾತ್ರೆಗೆ ನಮ್ಮ ಬೀದರ್ ಕೋಟೆಯ ಮಣ್ಣೇ ಬೇಕು. ಬೇರೆ ಮಣ್ಣು ಹಚ್ಚಿದ್ರೆ ಆ ಕಪ್ಪು ಬರಲ್ಲ. ಈ ವಿಷಯದಲ್ಲಿ ನಾನು ಮುತ್ಯಾನ ಕಡೆ. ಬೇಕಿದ್ರೆ ‘ಬಿಡದೀ ಹೆಬ್ಬೆಟ್ಟೊತ್ತುವ’ ಅಂತ ಮಾಡಿ. ಗಣಕ್ಕೆ ಗಣ, ಅರ್ಥಕ್ಕೆ ಅರ್ಥ.

ಬಿಸಿಲೂರ ಗುಮಾಸ್ತ: ಹೆಬ್ಬೆಟ್ಟು ಅಂದ್ರೆ ನನ್ನನ್ನೇ ಬೈದ ಹಾಗಾಗುತ್ತೆ ರೀ. ಇಲ್ಲಿ ಬೈಗುಳ ಯಂತ್ರಕ್ಕೆ ಬೀಳಬೇಕು.

ಟಪಾಲು ಅಕ್ಕ: ನೀವು ಕಿತ್ತಾಡ್ತಾ ಇರಿ, ನಾನೊಂದು ಕಥೆ ಹೇಳ್ತೀನಿ. ನಮ್ಮಲ್ಲಿ ಒಬ್ಬ ಮೇಲಧಿಕಾರಿ ಇದ್ದರು. ಯಾವ ಕಡತ ಹೋದರೂ ‘ಚರ್ಚಿಸಿ’ ಅಂತ ಬರೆದು ವಾಪಸ್. ಒಳಗೆ ಹೋದ್ರೆ ಫೋನಲ್ಲಿ ಇರ್ತಾರೆ. ಚರ್ಚೆ ಆಗಲ್ಲ, ಕಡತ ಏಳಲ್ಲ. ಒಂದೇ ಕಡತ ಐದನೇ ಸಲ ಬಂದ ದಿನ, ಅಳು ಬರೋ ಬದಲು ಟಪಾಲು ಚೀಟಿ ಹಿಂದೆ ನಾಲ್ಕು ಸಾಲು ಗೀಚಿದೆ. ಮೀಸೆ, ಮೇಜು, ‘ಚರ್ಚಿಸಿ’ ಎಲ್ಲಾ ಸೇರಿಸಿ. ನಕ್ಕು ಹಗುರಾಗಿ ಮನೆಗೆ ಹೋದೆ. ಮಾರನೇ ದಿನ ನೋಡಿದ್ರೆ ಚೀಟಿ ಇಲ್ಲ. ಗುಂಡುಪಿನ್ನಿಗೆ ಸಿಕ್ಕಿಕೊಂಡು ಕಡತದ ಜೊತೆ ಒಳಗೆ ಹೋಗಿಬಿಟ್ಟಿತ್ತು.

ತೊಗರಿಕಣಜ: ಅಯ್ಯೋ ಅಕ್ಕಾ. ಆಮೇಲೆ?

ಟಪಾಲು ಅಕ್ಕ: ಸಂಜೆ ವಾಪಸ್ ಬಂತು. ಪದ್ಯದ ಕೆಳಗೆ ಹಸಿರು ಶಾಯಿಯಲ್ಲಿ ‘ಚರ್ಚಿಸಿ’.

ಬಿದ್ರಿ ಬೆಳ್ಳಿ: 😂 ಚರ್ಚಿಸಿದ್ರಾ?

ಟಪಾಲು ಅಕ್ಕ: ಫೋನಲ್ಲಿ ಇದ್ದರು.

ಮಳಖೇಡದ ಮುತ್ಯಾ: ಆ ಪದ್ಯದ ಛಂದಸ್ಸು ಯಾವುದು?

ಟಪಾಲು ಅಕ್ಕ: ಮುತ್ಯಾ, ಸಿಟ್ಟಿನ ಛಂದಸ್ಸು. ಬಿಡಿ.

ಮಳಖೇಡದ ಮುತ್ಯಾ: ಬಿಟ್ಟೆ. ‘ಮೆ’ ಮಾತ್ರ ಬಿಡಲ್ಲ. ಗುರು ಅಂದ್ರೆ ಗುರು.

ಬಿಸಿಲೂರ ಗುಮಾಸ್ತ: ಹಂಗಾದ್ರೆ ತಗೊಳ್ಳಿ. ಊಟದ ಡಬ್ಬಿ ತೆಗೆಯೋ ಮುಂಚೆ ಬರೆದದ್ದು, ರೊಟ್ಟಿ ಆರ್ತಾ ಇದೆ.

ಕೊಡುತಲಿ ಮೆಗೆ ಗುರುಪಟ್ಟವ
ಬಿಡದೊಂದೇ ಮಾತ ಮುತ್ಯ ಹೇಳುತ್ತಿರಲೂ
ತಡೆಯದೆ ಮುತ್ಯನ ಕಾಟವ
ಕಡತವ ತಿಂದಿಲಿ ಕಚೇರಿಯೊಳಗತ್ತಿತಲಾ

ಟಪಾಲು ಅಕ್ಕ: ಗುರುಪಟ್ಟ! ಇದಕ್ಕೆ ನನ್ನ ಪಾಲಿನ ಶೇಂಗಾ ಹಿಂಡಿ ನಿನಗೇ ತಮ್ಮಾ.

ತೊಗರಿಕಣಜ: ಮುತ್ಯಾ, ಎಲ್ಲಿದ್ದೀರಿ? ಸಿಟ್ಟು ಬಂತಾ?

ಬಿದ್ರಿ ಬೆಳ್ಳಿ: ಎಣಿಸ್ತಿದ್ದಾರೆ.

ಮಳಖೇಡದ ಮುತ್ಯಾ: ಗಣ ಎಲ್ಲಾ ಸರಿ ಇದೆ. ಆದ್ರೆ ನಾನು ‘ಮುತ್ಯ’ ಅಲ್ಲ, ‘ಮುತ್ಯಾ’. ದೀರ್ಘ ಹಾಕಿ ಎಣಿಸು.